ಹೆಸರು ಬಂದ ಮೇಲೆ ಮತ್ತೆ ಶಿಷ್ಯರಾದ ಮನಸೂರರು

ಮಾನ್ಯ ಸಂಪಾದಕರೇ,

ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಫಲಿತಾಂಶ ಬಂದೊಡನೆ ನಮ್ಮ ಪತ್ರಿಕೆಗಳ ಪುರವಣಿಗಳಲ್ಲಿ ವೃತ್ತಿ ಮಾರ್ಗದರ್ಶನದ ಲೇಖನಗಳು ಸಾಲುಸಾಲಾಗಿ ಬರುತ್ತವೆ. ಯಾವ ಕೋರ್ಸಿಗೆ ಸೇರಬೇಕು, ಯಾವ ಪ್ರವೇಶ ಪರೀಕ್ಷೆ ಬರೆಯಬೇಕು, ಸಂದರ್ಶನ ಎದುರಿಸುವುದು ಹೇಗೆ ಎಂಬ ಮಾಹಿತಿ ಮಕ್ಕಳಿಗೂ ಪಾಲಕರಿಗೂ ಅಗತ್ಯವಾದದ್ದೇ. ಆದರೆ ಈ ಲೇಖನಗಳ ಮಾತು ಕೆಲಸ ಸಿಗುವಲ್ಲಿಗೆ ಮುಗಿದುಹೋಗುತ್ತದೆ. ಕೆಲಸ ಸಿಕ್ಕು, ಕೈ ಪಳಗಿ, ನಾಲ್ಕು ಜನರ ನಡುವೆ ಹೆಸರೂ ಬಂದ ಮೇಲೆ, ತಾನು ಕಲಿತದ್ದು ಸಾಲದು ಎಂದು ಅರಿವಾದಾಗ ಏನು ಮಾಡಬೇಕೆಂಬುದನ್ನು ಯಾರೂ ಹೇಳುವುದಿಲ್ಲ. ಪಾಲಿಟೆಕ್ನಿಕ್ ಒಂದರಲ್ಲಿ ಬಹುಕಾಲ ಪಾಠ ಮಾಡಿದ ನನಗೆ ಈ ಪ್ರಶ್ನೆಗೆ ಉತ್ತರ ದೊರೆತದ್ದು ಹಿಂದೂಸ್ತಾನಿ ಗಾಯಕ ಪಂಡಿತ ಮಲ್ಲಿಕಾರ್ಜುನ ಮನಸೂರರ ಬದುಕಿನಲ್ಲಿ.

ಧಾರವಾಡದ ಸಮೀಪದ ಮನಸೂರು ಗ್ರಾಮದಲ್ಲಿ 1910ರಲ್ಲಿ ಹುಟ್ಟಿದ ಅವರು ಬಾಲ್ಯದಲ್ಲೇ ನಾಟಕ ಕಂಪನಿ ಸೇರಿದರು. ಅಲ್ಲಿ ಅವರ ಕಂಠವನ್ನು ಗುರುತಿಸಿದ ನೀಲಕಂಠಬುವಾ ಆಲೂರಮಠ ಅವರು ಮೀರಜಿಗೆ ಕರೆದೊಯ್ದು ವರ್ಷಗಟ್ಟಲೆ ಗ್ವಾಲಿಯರ್ ಘರಾಣೆಯ, ಅಂದರೆ ಗಾಯನ ಪರಂಪರೆಯ, ತಾಲೀಮು ಕೊಟ್ಟರು. ಮೂವತ್ತರ ದಶಕದಲ್ಲಿ ಎಚ್‌ಎಂವಿ ಕಂಪನಿಯು ಅವರ ಗ್ರಾಮಫೋನ್ ತಟ್ಟೆಗಳನ್ನು ಹೊರತಂದಿತು. ಆ ಕಾಲದಲ್ಲಿ ತಟ್ಟೆಯ ಮೇಲೆ ಹೆಸರು ಅಚ್ಚಾಯಿತೆಂದರೆ ಗವಾಯಿಗೆ ಊರೂರಿನಿಂದ ಕರೆ ಬರುತ್ತಿತ್ತು. ಹಾಗೆ ಹೆಸರು ಮಾಡಿದ್ದ ತರುಣ ಗಾಯಕರು ಇಪ್ಪತ್ತೈದರ ಆಸುಪಾಸಿನ ವಯಸ್ಸಿನಲ್ಲಿ ಜೈಪುರ-ಅತ್ರೌಲಿ ಘರಾಣೆಯ ಉಸ್ತಾದ್ ಅಲ್ಲಾದಿಯಾ ಖಾನರ ಮಗ ಮಂಜೀಖಾನರ ಮುಂದೆ ಹೊಸದಾಗಿ ಶಿಷ್ಯರಾಗಿ ಕುಳಿತರು.

ಈ ನಿರ್ಧಾರ ಎಷ್ಟು ಕಠಿಣವಾದದ್ದೆಂದು ಆ ಘರಾಣೆಯ ಗಾಯನ ಶೈಲಿಯನ್ನು ಗಮನವಿಟ್ಟು ಕೇಳಿದವರಿಗೆ ಗೊತ್ತಾಗುತ್ತದೆ. ಮನಸೂರರ ಬಸಂತೀಕೇದಾರದ ಧ್ವನಿಮುದ್ರಿಕೆಯನ್ನೇ ತೆಗೆದುಕೊಳ್ಳಿ. ಇದು ಬಸಂತ ಮತ್ತು ಕೇದಾರ ಎರಡೂ ಸೇರಿದ ಜೋಡರಾಗ. ಎರಡರ ಚಹರೆಯೂ ಕಾಣಬೇಕು, ಆದರೆ ಬೆಸುಗೆ ಎಲ್ಲಿದೆಯೆಂದು ತಿಳಿಯಬಾರದು. ಅವರು ದೀರ್ಘ ಪೀಠಿಕೆಯಿಲ್ಲದೆ ನೇರವಾಗಿ ಚೀಜಿಗೆ, ಅಂದರೆ ತಾಳಬದ್ಧ ಹಾಡಿಗೆ, ಬರುತ್ತಾರೆ. ಹದಿನಾರು ಮಾತ್ರೆಗಳ ತೀನತಾಲದ ಲಯವೂ ತೀರಾ ನಿಧಾನವಲ್ಲ, ಹೀಗಾಗಿ ತಡೆದು ನಿಂತು ಯೋಚಿಸಲು ಗಾಯಕನಿಗೆ ಅವಕಾಶವೇ ಇಲ್ಲ. ತಾನ್‌ಗಳಲ್ಲಿ, ಅಂದರೆ ವೇಗದ ಸ್ವರಸಾಲುಗಳಲ್ಲಿ, ಸ್ವರಗಳು ಬಿಡಿಬಿಡಿಯಾಗಿ ನಿಲ್ಲದೆ ಒಂದಕ್ಕೊಂದು ಹೆಣೆದುಕೊಂಡು ಸುತ್ತಿ ಬಳಸಿ ಸಾಗುತ್ತವೆ. ಇನ್ನು ಸಮ್, ಅಂದರೆ ತಾಳದ ಆವರ್ತದ ಮೊದಲ ಮಾತ್ರೆ, ಕೈತಪ್ಪಿತು ಎಂದು ಕೇಳುಗ ಅಂದುಕೊಳ್ಳುವಷ್ಟರಲ್ಲಿ ಅವರು ಅಲ್ಲಿಗೆ ಬಂದು ಮುಟ್ಟಿರುತ್ತಾರೆ. ಒಂದು ಪದ್ಧತಿಯಲ್ಲಿ ಪಳಗಿ, ಜನರ ಮೆಚ್ಚುಗೆಯನ್ನೂ ಪಡೆದ ಕಂಠವನ್ನು ಇಂಥ ನಡೆಗೆ ತಿರುಗಿಸುವುದೆಂದರೆ ಉಸಿರು ಹಿಡಿಯುವ ಕ್ರಮದಿಂದ ಹಿಡಿದು ಎಲ್ಲವನ್ನೂ ಗುರುವಿನ ಎದುರು ಹೊಸದಾಗಿ ರೂಢಿಸಿಕೊಳ್ಳುವುದೇ ಆಗಿದೆ.

ಅಷ್ಟರಲ್ಲಿ ಕಷ್ಟವೂ ಎದುರಾಯಿತು. 1937ರಲ್ಲಿ ಮಂಜೀಖಾನರು ತೀರಿಕೊಂಡರು. ತಾಲೀಮು ಅರ್ಧಕ್ಕೇ ನಿಂತಿತ್ತು. ಇನ್ನೊಬ್ಬರಾಗಿದ್ದರೆ ಸಿಕ್ಕಷ್ಟು ಸಾಕೆಂದು ಬೈಠಕ್ಕುಗಳಿಗೆ ಮರಳುತ್ತಿದ್ದರೇನೋ. ಮನಸೂರರು ಮಂಜೀಖಾನರ ತಮ್ಮ ಭೂರ್ಜಿಖಾನರ ಶಿಷ್ಯತ್ವ ವಹಿಸಿ ಕಲಿಕೆಯನ್ನು ಮುಂದುವರಿಸಿದರು. ಗುರುವನ್ನು ಕಳೆದುಕೊಂಡರೂ ವಿದ್ಯೆಯನ್ನು ಕೈಬಿಡದ ಈ ನಿಷ್ಠೆ ಅವರ ಪ್ರಶಸ್ತಿಗಳೆಲ್ಲಕ್ಕಿಂತ ದೊಡ್ಡದೆಂಬುದು ನನ್ನ ಖಚಿತ ಅಭಿಪ್ರಾಯ.

ಇದು ಕಲಾವಿದರಿಗೆ ಮಾತ್ರ ಸಂಬಂಧಿಸಿದ ವಿಚಾರವಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಲೋಹವನ್ನು ಕಡೆಯುವ ಲೇತ್ ಯಂತ್ರದ ಕೆಲಸದಲ್ಲಿ ನಿಪುಣರು. ಮೈಕ್ರೋಮೀಟರ್ ಹಿಡಿಯುವ ಮೊದಲೇ ಅವರ ಬೆರಳಿಗೆ ಅಳತೆ ತಿಳಿಯುತ್ತಿತ್ತು. ಅವರ ಕಾರ್ಖಾನೆಗೆ ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರಗಳು ಬಂದಾಗ, ತಮಗಿಂತ ಬಹಳ ಚಿಕ್ಕವನಾದ ಹುಡುಗನ ಪಕ್ಕದಲ್ಲಿ ನಿಂತು ಪ್ರೋಗ್ರಾಂ ಬರೆಯುವುದನ್ನು ಕಲಿಯಬೇಕಾಯಿತು. ಅವಮಾನವಾಗುತ್ತದೆ, ಕೆಲಸ ಬಿಡುತ್ತೇನೆ ಎಂದು ನನ್ನಲ್ಲಿಗೆ ಬಂದಿದ್ದರು. ನಾನು ಅವರಿಗೆ ಮನಸೂರರ ಕಥೆಯನ್ನು ಹೇಳಿದೆ. ಅವರು ಕೆಲಸ ಬಿಡದೆ ಕಲಿತರು. ಕತ್ತರಿಸಿ ಬರುವ ಲೋಹದ ಸುರುಳಿಯ ಬಣ್ಣ ಮತ್ತು ಸದ್ದಿನಿಂದಲೇ ಉಪಕರಣದ ಮೇಲೆ ಎಷ್ಟು ಭಾರ ಬಿದ್ದಿದೆ ಎಂದು ಅರಿಯುವ ಅವರ ಹಳೆಯ ಅನುಭವ ಹೊಸ ಯಂತ್ರಕ್ಕೂ ಬೇಕಾಯಿತು. ಪ್ರೋಗ್ರಾಂ ಬಲ್ಲ ಆ ಹುಡುಗನೇ ಈಗ ಅದನ್ನು ಅವರಿಂದ ಕೇಳಿ ತಿಳಿದುಕೊಳ್ಳುತ್ತಾನೆ.

ಇಂದಿನ ತರುಣರ ಗಮನಕ್ಕೆ ಬರಬೇಕಾದ ಇನ್ನೊಂದು ಸಂಗತಿಯೆಂದರೆ, ಮನಸೂರರಿಗೆ ದೇಶದ ಮನ್ನಣೆ ದೊರೆತ ವಯಸ್ಸು. ಪದ್ಮಶ್ರೀ ಬಂದದ್ದು 1970ರಲ್ಲಿ, ಅಂದರೆ ಅರವತ್ತರ ಹೊಸ್ತಿಲಲ್ಲಿ. ಪದ್ಮಭೂಷಣ 1976ರಲ್ಲಿ ಬಂದರೆ, ಪದ್ಮವಿಭೂಷಣ ಬಂದದ್ದು ಅವರು ನಿಧನರಾದ 1992ರಲ್ಲೇ. ಈ ನಡುವೆ ಅವರು ಮುಂಬೈ, ಪುಣೆಗಳಿಗೆ ನೆಲೆ ಬದಲಿಸದೆ ಧಾರವಾಡದಲ್ಲಿಯೇ ಉಳಿದು, ಅಲ್ಲಿನ ಆಕಾಶವಾಣಿಗೆ ಸಂಗೀತ ಸಲಹೆಗಾರರಾಗಿ ದುಡಿದು, ಅಪ್ರಚಲಿತ ರಾಗಗಳನ್ನೂ ವಚನಗಳನ್ನೂ ಹಾಡುತ್ತ ಬಂದರು. ಮೂವತ್ತಕ್ಕೆಲ್ಲ ಎಲ್ಲವೂ ಕೈಗೂಡದಿದ್ದರೆ ಬದುಕೇ ಸೋತಂತೆ ಎಂದು ಕಂಗೆಡುವ ಮಕ್ಕಳಿಗೆ ಈ ಇಸವಿಗಳನ್ನು ತೋರಿಸಬೇಕು.

ಸಂಗೀತ ಹೊಟ್ಟೆ ತುಂಬಿಸುತ್ತದೆಯೇ ಎಂದು ಕೇಳುವ ಪಾಲಕರಿಗೆ ಮಲ್ಲಿಕಾರ್ಜುನ ಮನಸೂರರ ಮಗ ರಾಜಶೇಖರ ಮನಸೂರರ ಉದಾಹರಣೆಯಿದೆ. ಅವರು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದುಕೊಂಡೇ ತಂದೆಯಿಂದ ಪಡೆದ ಗಾಯನ ಶೈಲಿಯನ್ನು ಉಳಿಸಿ ಹಾಡಿದರು.

ಆದ್ದರಿಂದ ತಮ್ಮಲ್ಲಿ ನನ್ನದೊಂದು ವಿನಂತಿ. ಮುಂದಿನ ಫಲಿತಾಂಶದ ಹೊತ್ತಿಗೆ ತರುವ ಪುರವಣಿಯಲ್ಲಿ ಕೋರ್ಸುಗಳ ಪಟ್ಟಿಯ ಜೊತೆಗೆ ಒಂದು ಪುಟವನ್ನು ಇಂಥ ಕಲಿಕೆಯ ಕಥೆಗಳಿಗೆ ಮೀಸಲಿಡಬೇಕು. ನಡುವಯಸ್ಸಿನಲ್ಲಿ ಹೊಸ ವಿದ್ಯೆ ಕಲಿತ ನೇಕಾರರು, ದಾದಿಯರು, ಬಡಗಿಗಳು, ಶಿಕ್ಷಕರಿಂದಲೂ ಬರೆಯಿಸಬೇಕು. ಬರೆಯಲು ಸಂಕೋಚಪಡುವವರು ಹೇಳಿದ್ದನ್ನು ವರದಿಗಾರರು ಬರೆದುಕೊಂಡರೂ ಆದೀತು. ಆ ಪುಟದ ಮೊದಲ ಲೇಖನ ಮನಸೂರರು ಮಂಜೀಖಾನರ ಬಳಿ ಕಲಿತ ಕಾಲದ ಕುರಿತು ಇರಲಿ.

ಇಂತಿ,
ಒಬ್ಬ ನಿವೃತ್ತ ಪಾಲಿಟೆಕ್ನಿಕ್ ಉಪನ್ಯಾಸಕ
ಹುಬ್ಬಳ್ಳಿ