ಕಾಯಿಲೆಯವರ ಮನೆಗೆ ಬಂದು ವಿಶ್ವಾಸ ಅಳೆಯಬೇಡಿ

ಮಾನ್ಯ ಸಂಪಾದಕರೇ,

ಕಾಯಿಲೆಯವರನ್ನು ನೋಡಲು ಹೋಗುವಾಗ ಎಳನೀರು ತೆಗೆದುಕೊಂಡು ಹೋಗುವುದು ನಮ್ಮಲ್ಲಿ ವಾಡಿಕೆ. ನಮ್ಮ ಯಜಮಾನರಿಗೆ ಕಿಡ್ನಿ ಹೋಗಿ ಡಯಾಲಿಸಿಸ್ ಶುರುವಾದಾಗ ಬಂದವರಲ್ಲಿ ಅರ್ಧ ಜನ ಎಳನೀರನ್ನೇ ತಂದರು. ಡಯಾಲಿಸಿಸ್‌ನವರಿಗೆ ಅದು ಆಗದು. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಅವರ ರಕ್ತದಲ್ಲಿ ಅದು ಏರಿದರೆ ಹೃದಯವೇ ನಿಂತುಹೋಗಬಹುದು. ತಂದವರ ಪ್ರೀತಿ ಸುಳ್ಳಲ್ಲ, ಅಲ್ವಾ? ಅವರು ಹೋದ ಮೇಲೆ ನಾನು ಅದನ್ನು ಪಕ್ಕದ ಮನೆ ಮಕ್ಕಳಿಗೆ ಕೊಟ್ಟುಬಿಡುತ್ತಿದ್ದೆ.

ಎಳನೀರನ್ನು ಹಾಗೆ ಕೊಟ್ಟುಬಿಡಬಹುದು. ಮಾತನ್ನು ಯಾರಿಗೆ ಕೊಡುವುದು?

ನಾವು ಕ್ರೈಸ್ತರು, ಮನೆಮಾತು ಕನ್ನಡ. (ಬೆಂಗಳೂರಿನಲ್ಲಿ ಇದನ್ನು ಬೇರೆಯಾಗಿ ಹೇಳಬೇಕಾಗುತ್ತದೆ. ಕನ್ನಡಕ್ಕೆ 1843ರಲ್ಲಿ ಮೊದಲ ಪತ್ರಿಕೆ ತಂದ ಮೋಗ್ಲಿಂಗ್ ಪಾದ್ರಿಯೇ ಆಗಿದ್ದರು, ಆದರೂ ‘ಮನೇಲಿ ಇಂಗ್ಲಿಷಾ, ತಮಿಳಾ’ ಅಂತ ಇನ್ನೂ ಕೇಳುತ್ತಾರೆ.) ಪ್ರಾರ್ಥನೆ ಮಾಡಲು ಅಂತ ನಾನಾ ಸಭೆಗಳವರು, ಅಂದರೆ ಬೇರೆ ಬೇರೆ ಚರ್ಚಿನವರು, ಮನೆಗೆ ಬಂದರು. ಹೆಸರು ಬೇಡ. ಒಬ್ಬರು ಕುಂತ ಕೂಡಲೇ ಕೇಳಿದ್ದು, ಮನೆಯಲ್ಲಿ ಯಾರಾದರೂ ಬಚ್ಚಿಟ್ಟ ಪಾಪ ಇದೆಯಾ ಅಂತ. ಇನ್ನೊಬ್ಬರು ನಿಮ್ಮ ವಿಶ್ವಾಸ ಸಾಲದು ಅಂದರು. ಮೂರನೆಯವರಂತೂ ಮಷಿನ್ ನಿಲ್ಲಿಸಿ, ಕರ್ತನ ಮೇಲೆ ಭಾರ ಹಾಕಿ ಅಂದುಬಿಟ್ಟರು! ಅವರು ಹೇಳಿದಂತೆ ಮಾಡಿದ್ದರೆ ಈ ಪತ್ರ ಬರೆಯುವ ಹೊತ್ತಿಗೆ ನಾನು ವಿಧವೆ. ಬೈಬಲಿನಲ್ಲಿ ಸುವಾರ್ತೆ ಬರೆದ ಲೂಕನನ್ನು, ಸಭೆಗಳಿಗೆ ಪತ್ರ ಬರೆದ ಪೌಲನು ‘ಪ್ರಿಯ ವೈದ್ಯ’ ಅಂತಲೇ ಕರೆಯುತ್ತಾನೆ. ಹೊಟ್ಟೆ ಸರಿಯಿಲ್ಲದ ತನ್ನ ಶಿಷ್ಯ ತಿಮೊಥೆಯನಿಗೆ ಸ್ವಲ್ಪ ದ್ರಾಕ್ಷಾರಸ ತಗೋ ಅಂತ ಬರೆಯುತ್ತಾನೆಯೇ ಹೊರತು ನಿನ್ನ ವಿಶ್ವಾಸ ಸಾಲದು ಅನ್ನಲಿಲ್ಲ. ಸ್ವತಃ ಪೌಲನೇ ತನ್ನ ಮೈಯಲ್ಲಿನ ಮುಳ್ಳು ತೆಗೆದುಬಿಡು ಅಂತ ಮೂರು ಸಲ ಬೇಡಿಕೊಂಡ, ತೆಗೆಯಲಿಲ್ಲ. ಪೌಲನಿಗೂ ವಿಶ್ವಾಸ ಸಾಲಲಿಲ್ಲವೇನು?

ಆಮೇಲೆ ನಾನು ದೇವಾಲಯಕ್ಕೆ ಹೋಗುವುದನ್ನೇ ಬಿಟ್ಟೆ. ದೇವರ ಮೇಲಿನ ಸಿಟ್ಟಿಗಿಂತ, ಬಾಗಿಲಲ್ಲಿ ‘ಈಗ ಹೇಗಿದ್ದಾರೆ’ ಅಂತ ಕೇಳುವವರಿಗೆ ‘ಹಾಗೇ ಇದ್ದಾರೆ’ ಅನ್ನಲು ನಾಚಿಕೆ. ವಾಸಿಯಾಗದಿದ್ದರೆ ತಪ್ಪು ನಮ್ಮದೇ ಅನ್ನುವ ಹಾಗೆ ಆಗಿಹೋಗಿತ್ತು. ಕೂಟಗಳಲ್ಲಿ ಸಾಕ್ಷಿ ಹೇಳಲು, ಅಂದರೆ ದೇವರು ತಮಗೆ ಮಾಡಿದ ಒಳ್ಳೆಯದನ್ನು ಹೇಳಲು, ಎದ್ದು ನಿಲ್ಲುವವರನ್ನು ನೋಡಿ. ಕೆಲಸ ಸಿಕ್ಕವರು, ಮಗುವಾದವರು, ಗಡ್ಡೆ ಕರಗಿದವರು. ಸಿಗದವರು, ಆಗದವರು, ಕರಗದವರು ಹಿಂದಿನ ಬೆಂಚಿನಲ್ಲೇ ಇರುತ್ತಾರೆ.

ವಾರಕ್ಕೆ ಮೂರು ದಿನ ಡಯಾಲಿಸಿಸ್. ಸೋಮವಾರ, ಬುಧವಾರ, ಶುಕ್ರವಾರ. ಬಸ್ಸಿನಲ್ಲಿ ನನಗೆ ಫ್ರೀ, ಅವರಿಗೊಂದು ಟಿಕೆಟ್. ಮಷಿನ್‌ಗೆ ಹಾಕಿದ ಮೇಲೆ ನಾಲ್ಕು ಗಂಟೆ ನನಗೆ ಕೆಲಸವಿಲ್ಲ, ಹೊರಗೆ ಕುರ್ಚಿಯಲ್ಲಿ ಸುಮ್ನೆ ಕೂತಿರುತ್ತೇನೆ. ಶುಭ ಶುಕ್ರವಾರ ಸರ್ಕಾರಕ್ಕೆ ರಜೆ, ಡಯಾಲಿಸಿಸ್‌ಗೆ ರಜೆ ಇಲ್ಲ. ಆ ದಿನ ಕುರ್ಚಿಯಲ್ಲಿ ಕೂರಲಾಗದೆ ನಡೆದುಕೊಂಡು ಕಾರ್ಪೊರೇಷನ್ ಸರ್ಕಲ್‌ವರೆಗೆ ಬಂದೆ, ಬಿಸಿಲು ತಾಳದೆ ಹಡ್ಸನ್ ದೇವಾಲಯದೊಳಗೆ ಹೋಗಿ ಕೂತೆ, ಭಕ್ತಿಯಿಂದ ಅಂತ ಸುಳ್ಳು ಹೇಳಲಾರೆ. ಶಿಲುಬೆಯ ಮೇಲೆ ಯೇಸು ಆಡಿದ ಏಳು ಮಾತುಗಳ ಆರಾಧನೆ ನಡೆಯುತ್ತಿತ್ತು. ನಾಲ್ಕನೆಯದು ಬಂತು. ‘ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?’ ಸಂಡೇ ಸ್ಕೂಲಿನಿಂದ ಬಾಯಿಪಾಠ ಇದ್ದ ಮಾತು. ಅದು ಬೈಬಲಿನ 22ನೇ ಕೀರ್ತನೆಯ ಮೊದಲ ಸಾಲು ಅಂತಲೂ ಗೊತ್ತಿತ್ತು. ಆದರೆ ಅದು ಪ್ರಶ್ನೆ ಅಂತ ಹೊಳೆದಿದ್ದು ಆವತ್ತೇ. ಯೇಸುವೇ ‘ಯಾಕೆ’ ಅಂದಿದ್ದಾನೆ, ಅದಕ್ಕೆ ಮೇಲಿನಿಂದ ಉತ್ತರವೂ ಬರಲಿಲ್ಲ. ಅಲ್ಲೇ ಕೂತು ಅತ್ತೆ. ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸು ನೋಡಿಯೂ ನೋಡದ ಹಾಗೆ ಕರ್ಚೀಫು ಕೊಟ್ಟು ಹಾಡಿನ ಪುಸ್ತಕ ತೆಗೆದರು. ಒಂದು ಮಾತೂ ಕೇಳಲಿಲ್ಲ.

ಬೈಬಲಿನಲ್ಲಿ ಆಸ್ತಿ, ಮಕ್ಕಳು, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಗೆಳೆಯರನ್ನು ಎಲ್ಲರೂ ಬೈಯುತ್ತಾರೆ. ಆದರೆ ಅವರು ಬಂದ ಹೊಸತರಲ್ಲಿ ಏಳು ಹಗಲು ಏಳು ರಾತ್ರಿ ಬಾಯಿ ಬಿಡದೆ ಅವನ ಜೊತೆ ನೆಲದ ಮೇಲೆ ಕೂತಿದ್ದರು. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು! ಬಾಯಿ ಬಿಟ್ಟ ಮೇಲೆ ಕೆಟ್ಟಿದ್ದು, ನೀನು ಏನೋ ಪಾಪ ಮಾಡಿರಬೇಕು ಅಂತ. ಕೊನೆಯಲ್ಲಿ ದೇವರು ಬೈದದ್ದು ಅವರನ್ನು, ದೇವರ ಜೊತೆ ಜಗಳವಾಡಿದ ಯೋಬನೇ ನಿಮಗಾಗಿ ಪ್ರಾರ್ಥಿಸುವನು ಅಂತ ಆ ಗೆಳೆಯರಿಗೆ ಹೇಳಿದ. ನಮ್ಮ ಸಭೆಗಳಲ್ಲಿ ಈ ಕೊನೆಯ ಅಧ್ಯಾಯ ಓದುವಾಗ ಯೋಬನಿಗೆ ಎರಡರಷ್ಟು ಕುರಿ, ಒಂಟೆ ಸಿಕ್ಕಿತು ಅನ್ನುವುದಕ್ಕೇ ಜಾಸ್ತಿ ಹೊತ್ತು ಹೋಗುತ್ತದೆ.

ನಾನು ವಿಶ್ವಾಸ ಬಿಟ್ಟಿಲ್ಲ. ಗಟ್ಟಿಯಾಗಿದೆ ಅಂತಲೂ ಹೇಳಲಾರೆ. ರಾತ್ರಿ ಮಾಡುವ ಪ್ರಾರ್ಥನೆ ಅರ್ಧ ಜಗಳವೇ. 88ನೇ ಕೀರ್ತನೆ ಓದುತ್ತೇನೆ, ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಕೊನೆಗೆ ಇಲ್ಲ. ಅದನ್ನು ಓದಿದರೆ ನನಗೆ ನಿದ್ದೆ ಬರುತ್ತದೆ. ಯಾಕೆ ಅಂತ ಗೊತ್ತಿಲ್ಲ.

ಸಭಾಪಾಲಕರಲ್ಲಿ, ಮನೆಗಳಿಗೆ ಹೋಗಿ ಪ್ರಾರ್ಥನೆ ಮಾಡುವವರಲ್ಲಿ ನನ್ನ ಕೇಳಿಕೆ ಇಷ್ಟೇ. ಸಾಕ್ಷಿಯ ಹೊತ್ತಿನಲ್ಲಿ ವಾಸಿಯಾಗದವರಿಗೂ ಎರಡು ನಿಮಿಷ ಕೊಡಿ. ಕಾಯಿಲೆಯವರ ಮನೆಗೆ ಬನ್ನಿ, ಖಂಡಿತ ಬನ್ನಿ, ಆದರೆ ಏನು ಹೇಳಬೇಕು ಅಂತ ದಾರಿಯಲ್ಲೇ ಯೋಚಿಸಿಕೊಂಡು ಬರಬೇಡಿ. ಏನು ಮಾಡಬೇಕು ಅಂತ ಗೊತ್ತಾಗದಿದ್ದರೆ ನಮ್ಮ ಎದುರುಮನೆ ಅಕ್ಕನನ್ನು ಕೇಳಿ. ಅವರು ಕ್ರೈಸ್ತರಲ್ಲ, ದೇವರ ವಿಷಯ ನನ್ನ ಹತ್ತಿರ ಯಾವತ್ತೂ ಎತ್ತಿದವರಲ್ಲ. ನಾವು ಆಸ್ಪತ್ರೆಯಲ್ಲಿದ್ದ ದಿನ ಕಾವೇರಿ ನೀರು ಬಂದರೆ ನಮ್ಮ ಡ್ರಮ್ಮಿಗೂ ಪೈಪ್ ಹಾಕಿ ತುಂಬಿಸಿ, ಮುಚ್ಚಳ ಮುಚ್ಚಿಟ್ಟಿರುತ್ತಾರೆ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು
ಬೆಂಗಳೂರು