ಮಗಳಿಗೊಂದು ಪತ್ರ: ಆಯಿ ಕೇಳಿದ ಪ್ರಶ್ನೆ

ಕಲಬುರಗಿ,
ಭಾನುವಾರ ರಾತ್ರಿ

ಮುದ್ದಿನ ಮಗಳೇ,

ಹೋದ ವಾರ ವಿಡಿಯೊ ಕಾಲ್ ಮಾಡಿ ‘ಹಾಯ್ ಗೈಸ್’ ಅಂದೆಯಲ್ಲ, ಫೋನ್ ಇಟ್ಟ ಮೇಲೆ ನಿನ್ನ ಆಯಿ, ಅಂದರೆ ನನ್ನ ಅವ್ವ, ಬಹಳ ಹೊತ್ತು ಸುಮ್ಮನೆ ಕೂತಿದ್ದಳು. ಆಮೇಲೆ ಮೆಲ್ಲಗೆ ಕೇಳಿದಳು, "ಹುಡುಗಿ ನಮಗ್ಯಾಕ ಗಾಯ್ ಅಂತಾಳ?" ನಮ್ಮ ಓಣಿಯ ಉರ್ದು ಕೇಳುತ್ತಾ ಬಾಳಿದ ಜೀವ ಅದು. ಗಾಯ್ ಅಂದರೆ ಅವಳಿಗೆ ಆಕಳು. "ಅದು ಇಂಗ್ಲಿಷ್ ಮಾತವ್ವಾ, ಗಂಡು ಹುಡುಗರಿಗೆ ಅಂತಾರ" ಅಂದೆ. "ಫೋನ್ ಮುಂದ ಕುಂತವ್ರು ನಾನೂ ನಿನ್ನ ಹೇಣ್ತೀನೂ. ಗಂಡು ಹುಡುಗರು ಎಲ್ಲಿದ್ರು?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಕ್ಕೇ ಈ ವಾರ ರಾತ್ರಿಯೆಲ್ಲ ಕೂತು ಓದಿದೆ.

ನನಗೆ ಗೊತ್ತಿದ್ದ ಗೈ ಒಂದೇ, ಕರೆಂಟ್ ಕಂಬದ ಗೈ. ಲೈನ್ ತಿರುಗುವ ಕಡೆ, ಮುಗಿಯುವ ಕಡೆ ತಂತಿಗಳೆಲ್ಲ ಕಂಬವನ್ನು ಒಂದೇ ಕಡೆಗೆ ಜಗ್ಗುತ್ತವೆ. ಕಂಬ ವಾಲಬಾರದು ಅಂತ ಎದುರು ದಿಕ್ಕಿಗೆ, ಮೇಲಿನಿಂದ ನೆಲಕ್ಕೆ ಓರೆಯಾಗಿ ಗೈ ವೈರ್ ಬಿಗಿಯುತ್ತೇವೆ. ನಡುವೆ ತತ್ತಿಯ ಆಕಾರದ ಒಂದು ಪಿಂಗಾಣಿ ಇರುತ್ತದೆ. ಮೇಲೆ ಏನಾದರೂ ಆಗಿ ಆ ವೈರಿಗೆ ಕರೆಂಟ್ ಬಂದರೂ, ಕೆಳಗೆ ಕೈ ಇಟ್ಟವರಿಗೆ ತಾಗಬಾರದು ಅಂತ. ಸಣ್ಣವಳಿದ್ದಾಗ ನೀನು ಅದನ್ನು ಹಿಡಿದು ಜೋತು ಬಿದ್ದಿದ್ದೆ, ನಾನು ಓಡಿ ಬಂದು ಬೈದಿದ್ದೆ. ನೆನಪಿದೆಯಾ? ಈ ಗೈ ಹಳೆಯ ಫ್ರೆಂಚಿನಿಂದ ಬಂದದ್ದು, ದಾರಿ ತೋರಿಸುವುದು ಅನ್ನುವ ಅರ್ಥದ ಮಾತು ಅಂತ ಕೆಲವರು ಹೇಳುತ್ತಾರೆ. ನಿನ್ನ ಗೈಗೂ ಇದಕ್ಕೂ ನಂಟೇ ಇಲ್ಲ.

ನಿನ್ನ ಗೈ ಒಬ್ಬ ಮನುಷ್ಯನ ಹೆಸರು. ಗೈ ಫಾಕ್ಸ್ ಅಂತ. 1605ರ ನವೆಂಬರ್ 5ಕ್ಕೆ ಲಂಡನ್ನಿನ ಪಾರ್ಲಿಮೆಂಟನ್ನು ರಾಜ ಒಂದನೇ ಜೇಮ್ಸ್ ಸಮೇತ ಉಡಾಯಿಸಬೇಕು ಅಂತ ಕೆಲವರು ಸಂಚು ಮಾಡಿದ್ದರು. ಮುಖಂಡ ಬೇರೆಯವನು. ಆದರೆ ಕೆಳಗಿನ ಕೋಣೆಯಲ್ಲಿ 36 ಪೀಪಾಯಿ ಸಿಡಿಮದ್ದನ್ನು ಕಾಯುತ್ತಾ ಸಿಕ್ಕಿಬಿದ್ದವನು ಇವನು. 1606ರ ಜನವರಿಯಲ್ಲಿ ಅವನನ್ನು ಕೊಂದರು. ರಾಜ ಉಳಿದ ಅಂತ ಅಲ್ಲಿನ ಜನ ವರ್ಷಾ ವರ್ಷಾ ಆ ದಿನ ಬೆಂಕಿ ಹಾಕತೊಡಗಿದರು. ಮುಂದೆ ಮಕ್ಕಳು ಹಳೇ ಅಂಗಿಗೆ ಹುಲ್ಲು ತುರುಕಿ ಅವನ ಗೊಂಬೆ ಮಾಡಿ, ಓಣಿ ಓಣಿ ತಿರುಗಿ ಕಾಸು ಕೇಳುತ್ತಿದ್ದರು. ಆ ಗೊಂಬೆಯ ಹೆಸರೇ ಗೈ. ಹೋಳಿ ಬಂತೆಂದರೆ ನಮ್ಮ ಹುಡುಗರು ಕಾಮಣ್ಣನ ಹೆಸರಲ್ಲಿ ಕಟ್ಟಿಗೆ, ಕುಳ್ಳು ಕೂಡಿಸುತ್ತಾರಲ್ವಾ, ಥೇಟ್ ಹಾಗೇ. ಆಯಿಗೆ ಇದನ್ನು ಹೇಳಿದಾಗ ಅವಳ ಮುಖ ಅರಳಿತು.

ಹತ್ತೊಂಬತ್ತನೇ ಶತಮಾನದಲ್ಲಿ ಚಿತ್ರ ವಿಚಿತ್ರ ಬಟ್ಟೆ ಹಾಕಿದವನಿಗೆಲ್ಲ ಗೈ ಅನ್ನತೊಡಗಿದರು. ಅಮೆರಿಕದಲ್ಲಿ ಆ ಬೈಗುಳ ಕಳಚಿಬಿತ್ತು, ಬರೀ ‘ಗಂಡಸು’ ಅಂತ ಉಳಿಯಿತು. ಆಮೇಲೆ ಗುಂಪಿಗೆಲ್ಲ ಗೈಸ್.

ಯಾಕೆ ಹೀಗಾಯಿತು ಅನ್ನುವುದೇ ನನಗೆ ಹಿಡಿಸಿದ ವಿಷಯ. ಇಂಗ್ಲಿಷಿನಲ್ಲಿ ಹಿಂದೆ ‘ದೌ’ ಅಂತ ಒಂದು ಮಾತಿತ್ತು, ನಮ್ಮ ‘ನೀನು’ ಇದ್ದ ಹಾಗೆ. ಅದು ಬಳಕೆ ತಪ್ಪಿತು. ಈಗ ಒಬ್ಬರಿಗೂ ಯೂ, ಹತ್ತು ಜನರಿಗೂ ಯೂ. ಆ ಕೊರತೆ ತುಂಬಲು ಅಮೆರಿಕದ ದಕ್ಷಿಣದವರು ‘ಯೂ ಆಲ್’ ಕೂಡಿಸಿ ‘ಯಾಲ್’ ಅಂದರು, ಉಳಿದ ಹಲವರು ‘ಯೂ ಗೈಸ್’ ಅಂದರು. ನಮ್ಮಲ್ಲಿ ‘ನೀನು’, ‘ನೀವು’ ಎರಡೂ ಉಳಿದಿವೆ, ಅಂಥ ಕೊರತೆ ಬಂದೇ ಇಲ್ಲ. ಆಯಿ ಬಾಗಿಲಲ್ಲಿ ನಿಂತು "ಬರ್ರಿ, ಕೂಡ್ರಿ" ಅಂದರೆ ಬಂದವರು ಗಂಡಸರೋ ಹೆಂಗಸರೋ, ಎಲ್ಲರೂ ಅದರಲ್ಲಿ ಬಂದರು. ಮರ್ಯಾದೆಯೂ ಬಂತು. ಒಂದು ‘ರಿ’ ಇಷ್ಟೆಲ್ಲ ಹೊರುತ್ತದೆ ಅಂತ ನನಗೂ ಈಗಲೇ ಹೊಳೆದದ್ದು.

ನಿನ್ನ ಅವ್ವ ಇನ್ನೊಂದು ಮಾತು ಹೇಳಿದಳು. ನಿಮ್ಮ ಟೀಮಿನ ಒಂಬತ್ತು ಜನರಲ್ಲಿ ನೀನೊಬ್ಬಳೇ ಹುಡುಗಿಯಂತೆ. ಮೀಟಿಂಗಿನಲ್ಲಿ ‘ಕಮಾನ್ ಗೈಸ್’ ಅಂದಾಗ ಒಮ್ಮೊಮ್ಮೆ ನೀನು ಲೆಕ್ಕದಲ್ಲಿ ಇಲ್ಲ ಅನಿಸುತ್ತದಂತೆ. ಹಾಗನಿಸಿದ್ದು ತಪ್ಪಲ್ಲ ಮಗಳೇ. ಎದುರು ನಿಂತು ಕರೆದಾಗ ಗೈಸ್ ಅಂದರೆ ಎಲ್ಲರೂ ಸರಿ. ಆದರೆ ‘ಹೊರಗೆ ಒಬ್ಬ ಗೈ ಬಂದಿದ್ದಾನೆ’ ಅಂದರೆ ಯಾರ ಕಣ್ಣ ಮುಂದೆಯೂ ಹೆಣ್ಣುಮಗಳು ಬರುವುದಿಲ್ಲ. ಮಾತಿನೊಳಗೆ ಗಂಡಸು ಇನ್ನೂ ಕೂತೇ ಇದ್ದಾನೆ. ಹೇಳುವವರ ಮನಸ್ಸಿನಲ್ಲಿ ಏನೂ ಇರಲಿಕ್ಕಿಲ್ಲ, ಅವರ ಮೇಲೆ ಸಿಟ್ಟು ಬೇಡ. ಆದರೆ ನುಂಗಿಕೊಂಡೂ ಇರಬೇಡ. ‘ಎಲ್ಲರೂ’ ಅಂತಲೋ ‘ಟೀಮ್’ ಅಂತಲೋ ಅನ್ನಿ ಸರ್ ಅಂತ ಒಮ್ಮೆ ಹೇಳಿ ನೋಡು. ಅದಕ್ಕೆ ಯಾರಾದರೂ ನಕ್ಕರೆ ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ.

ನಿನ್ನ ಗೆಳತಿಯರ ಜೊತೆ ಗೈಸ್ ಅನ್ನು, ಬೇಡ ಅನ್ನುವುದಿಲ್ಲ. ಮುಂದಿನ ಭಾನುವಾರ ಕಾಲ್ ಮಾಡಿದಾಗ ಮಾತ್ರ ಮೊದಲು ಆಯಿಯನ್ನು ಮಾತಾಡಿಸು. ಅವಳಿಗೆ ಈಗ ಬಲಗಿವಿ ಸ್ವಲ್ಪ ಮಂದ. ಫೋನನ್ನು ಎಡಗಡೆ ಹಿಡಿದಿರುತ್ತೇನೆ.

ನಿನ್ನ,
ಅಪ್ಪ