ಹೆಗಲ ಮುಂದಿನ ಗಂಟು

ಮಗಾ,

ನಿನ್ನ ಕಾಗದವನ್ನು ಹಾಲಿನ ಗಾಡಿಯವನು ಸಂಜೆ ತಂದುಕೊಟ್ಟ. ಬೇರೆಲ್ಲ ಆಮೇಲೆ ಮಾತಾಡೋಣ. ಕೊನೆಯಲ್ಲಿ ಒಂದು ಮಾತು ಬರೆದಿದ್ದೀಯಲ್ಲ, "ಕರುವಿಗೆ ಹೆಗಲ ಮುಂದೆ ನಿಂಬೆಕಾಯಿಯಷ್ಟು ಗಂಟು ಎದ್ದಿದೆ, ಮೈ ಬಿಸಿ, ಆದ್ರೆ ಹಾಲು ಕುಡೀತಿದೆ, ನಾಲ್ಕು ದಿನ ನೋಡ್ತೀನಿ" ಅಂತ. ಅದನ್ನು ಓದಿದ ಮೇಲೆ ಊಟ ಸೇರಲಿಲ್ಲ. ಫೋನ್ ಮಾಡಿದರೆ ನಿಂದು ಸ್ವಿಚ್ ಆಫ್. ಬೆಳಗಿನ ಗಾಡಿಗೆ ಇದನ್ನು ಕೊಡುತ್ತೇನೆ.

ನಾಲ್ಕು ದಿನ ನೋಡಬೇಡ ಮಗಾ.

ನಾನೂ ನೋಡಿದ್ದೆ. ಚಿಂತಾಮಣಿ ಸಂತೆಯಿಂದ ಮೊದಲ ಸೀಮೆ ಹಸು ತಂದ ವರ್ಷ. ನೀನಿನ್ನೂ ಹುಟ್ಟಿರಲಿಲ್ಲ. ಅದರ ಕರುವಿಗೂ ಅದೇ ಜಾಗದಲ್ಲಿ ಗಂಟು. ಹಗ್ಗ ಒತ್ತಿ ಊದಿದೆ ಅಂದುಕೊಂಡು ಅರಿಶಿನ, ಸುಣ್ಣ ಹಚ್ಚಿದೆ. ಕಿವಿಯೊಳಗೆ ಹರಳು ಬೀಜದ ಹಾಗೆ ಉಬ್ಬಿದ ಉಣ್ಣೆಗಳಿದ್ದವು. ನಮ್ಮ ನಾಟಿ ಕರುಗಳ ಮೈಯಲ್ಲೂ ಇರುತ್ತಿದ್ದವು, ಅವಕ್ಕೆ ಏನೂ ಆಗುತ್ತಿರಲಿಲ್ಲ. ಇದಕ್ಕೇನಾಗುತ್ತೆ ಅಂತ ಸುಮ್ನಿದ್ದೆ.

ಎರಡು ದಿನ ಅದೂ ಹಾಲು ಕುಡಿಯಿತು. ಮೂರನೇ ದಿನ ಬಾಯಿಗೆ ಬೆರಳಿಟ್ಟೆ. ಚೀಪಿತು. ಬಾಯಿ ಕೆಂಡದ ಹಾಗೆ ಸುಡುತ್ತಿತ್ತು. ತುಟಿ ಎತ್ತಿ ನೋಡಿದರೆ ಒಸಡು ಬಿಳಿಚಿಕೊಂಡಿತ್ತು, ಕಣ್ಣುಗುಡ್ಡೆ ಮುಂದಕ್ಕೆ ಬಂದಿತ್ತು. ಡಾಕ್ಟರು ಬಂದು ಥೈಲೇರಿಯಾ ಅಂದರು. ಉಣ್ಣೆ ಕಚ್ಚಿದಾಗ ಒಳಗೆ ಹೋಗುವ ರೋಗಾಣು ಮೊದಲು ಆ ಗಂಟಿನಲ್ಲಿ ಬೆಳೆದು, ಆಮೇಲೆ ರಕ್ತಕ್ಕೆ ಇಳಿಯುತ್ತದಂತೆ. ನಾನು ಸುಣ್ಣ ಹಚ್ಚಿಕೊಂಡು ಕೂತಿದ್ದು ಆ ದಿನಗಳಲ್ಲೇ. ಗಂಟು ಕೈಗೆ ಸಿಕ್ಕಿದ ದಿನವೇ ಕರೆಸಬೇಕಿತ್ತು. ಕರು ಹೋದ ಮೇಲೆ ಆ ಹಸು ವಾರದ ತನಕ ಕೊಟ್ಟಿಗೆ ಬಾಗಿಲ ಕಡೆ ತಿರುಗಿ ಕೂಗುತ್ತಿತ್ತು. ಹಾಲು ಕರೆಯಲು ಕೂತರೆ ನನಗೆ ಕೈಯೇ ಬರುತ್ತಿರಲಿಲ್ಲ.

ನೀನು ಓದಿದವನು, ನಿನಗೆ ಹೇಳಬೇಕಾ ಅನ್ನಿಸುತ್ತೆ. ಆದರೂ ಬರೆಯುತ್ತೇನೆ. ಇದಕ್ಕೆ ಬುಪಾರ್ವಕ್ವೋನ್ ಅಂತ ಇಂಜೆಕ್ಷನ್ ಇದೆ. ಬೇಗ ಬಿದ್ದಷ್ಟೂ ಕೆಲಸ ಮಾಡುತ್ತೆ. ತೂಕ ನೋಡಿ ಡಾಕ್ಟರೇ ಹಾಕಲಿ. ದನಕರುಗಳ ಸಹಾಯವಾಣಿ 1962ಕ್ಕೆ ಫೋನ್ ಮಾಡು. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಅದನ್ನೂ ಹೇಳು, ಉಣ್ಣೆಯಿಂದ ಬರುವ ಬೇರೆ ಕಾಯಿಲೆಯೂ ಇರಬಹುದು, ಅದರ ಮದ್ದೇ ಬೇರೆ.

ಗಂಟು ಒಂದೇ ಕಡೆ ಇದೆಯೋ, ಕಿವಿಯ ಕೆಳಗೂ ಇದೆಯೋ? ನೀನು ಬರೆದಿಲ್ಲ. ಅದೇ ತಲೆಯಲ್ಲಿ ಸುತ್ತುತ್ತಿದೆ.

ಇನ್ನೊಂದು ಕರು ಚೆನ್ನಾಗಿದೆ ತಾನೆ? ಅದಕ್ಕೆ ಥೈಲೇರಿಯಾ ಲಸಿಕೆ ಹಾಕಿಸಬಹುದಾ ಅಂತ ಡಾಕ್ಟರನ್ನೇ ಕೇಳು. ಕೊಟ್ಟಿಗೆ ಗೋಡೆಯ ಬಿರುಕನ್ನೂ ಮುಚ್ಚಿಸು, ಉಣ್ಣೆ ಸಾವಿರಗಟ್ಟಲೆ ಮೊಟ್ಟೆ ಇಡೋದು ಅಲ್ಲೇ. ಬರೀ ಕರುವಿನ ಮೈಗೆ ಔಷಧಿ ಹೊಡೆದರೆ ಸಾಲದು. ಇದೆಲ್ಲ ನಿಧಾನವಾಗಿ ಮಾಡು, ಇವತ್ತೇ ಅಂತ ಏನಿಲ್ಲ.

ಇವತ್ತು ಆ ಗಂಟು. ಕಾಗದ ಕೈಗೆ ಬಂದ ಕೂಡಲೇ ತುಟಿ ಎತ್ತಿ ಒಸಡು ನೋಡು. ಕೆಂಪಗಿದ್ದರೂ ಸರಿ, ಬಿಳಿಚಿದ್ದರೂ ಸರಿ, ಡಾಕ್ಟರನ್ನು ಕರೆಸು. ಗಾಡಿಯವನ ಫೋನಿಂದಲೇ ನನಗೊಂದು ಕಾಲ್ ಮಾಡು. ನಾನು ಫೋನ್ ಮುಂದೇ ಕೂತಿರುತ್ತೇನೆ.

ನಿನ್ನ ದೊಡ್ಡಮ್ಮ